ಸುಣ್ಣದ ಕಡ್ಡಿ

ಹಾಲಿನವಳು ಚೊಂಬು ಇಳಿಸುವ ಮೊದಲೇ ದೊಡ್ಡಬಸಮ್ಮ ಬೆರಳು ಅದ್ದಿ, ಹನಿಯನ್ನು ಉಗುರಿನ ಮೇಲೆ ಬಿಟ್ಟುಕೊಂಡು, ನಿಲ್ಲುತ್ತದೋ ಹರಿಯುತ್ತದೋ ನೋಡುತ್ತಿದ್ದಳು. ಹನಿ ನಿಂತರೂ ನಂಬುತ್ತಿರಲಿಲ್ಲ. ಗಾಣದವನು ಅಳತೆಯ ಮಾನದ ತಳವನ್ನು ಒಳಕ್ಕೆ ತಟ್ಟಿದ್ದಾನೆ, ಅಗಸರವಳು ಹೊಸ ಸೀರೆಯನ್ನು ಒಂದು ದಿನ ತಾನು ಉಟ್ಟೇ ತರುತ್ತಾಳೆ, ಸೊಸೆ ವಿರೂಪಮ್ಮ ಬೆಲ್ಲದ ಚೂರು ಬಾಯಿಗೆ ಹಾಕಿಕೊಳ್ಳದೆ ಒಲೆ ಹಚ್ಚುವುದಿಲ್ಲ. ಬೆಳಗಾಯಿತೆಂದರೆ ಒಬ್ಬೊಬ್ಬರ ಮೇಲೂ ಒಂದೊಂದು ಅನುಮಾನ.

"ಅತ್ತೀ, ದೀಪದ ಎಣ್ಣಿ ದೇವರೇ ಕುಡದಾನೇನೋ, ಒಂದ್ಸಲ ಬಾಯಿ ಮೂಸಿ ನೋಡ್ರಿ," ಎಂದು ವಿರೂಪಮ್ಮ ಕಾಡಿಸುತ್ತಿದ್ದಳು.

"ನಗು, ನಗು. ನಾ ಹಿಂಗ ಇರದಿದ್ರ ಈ ಮನಿ ಎಂದೋ ಊರಪಾಲು ಆಗತಿತ್ತು," ಎನ್ನುತ್ತ ಮುದುಕಿ ಎಲೆ ಅಡಿಕೆಯ ಸಂಚಿ ಬಿಚ್ಚುತ್ತಿದ್ದಳು.

ಅವಳ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಗಂಡ ಸತ್ತಾಗ ಇಬ್ಬರು ಗಂಡುಮಕ್ಕಳೂ ಸಣ್ಣವರು. ಅಂಥ ಹೊತ್ತಿನಲ್ಲಿ ಕಣ್ಣು ಮುಚ್ಚಿ ಕೂತಿದ್ದರೆ ಬಳ್ಳಾರಿಯ ಕೌಲ್‌ಬಜಾರಿನ ಆ ಎರಡು ಅಂಕಣದ ಮನೆಯೂ, ಮುಂದಿನ ಅಂಗಳವೂ ದಾಯಾದಿಗಳ ಬಾಯಿಗೆ ಬೀಳುತ್ತಿದ್ದವು. ಈಗ ಆ ಅಂಗಳದಲ್ಲೇ ಹಿರಿಯ ಮಗ, ವಿರೂಪಮ್ಮನ ಗಂಡ ಗಾದೆಪ್ಪನ ರಿಪೇರಿ ಶೆಡ್ಡು. ಯುದ್ಧದ ಕಾಲದಲ್ಲಿ ಮಿಲಿಟರಿ ಲಾರಿಗಳ ಅಡಿಯಲ್ಲಿ ಮಲಗಿ ಕೆಲಸ ಕಲಿತವನು. ಕಿರಿಯವನು ಸುಂಕಪ್ಪ, ಸಾವುಕಾರರೊಬ್ಬರ ಬಸ್ಸಿನ ಡ್ರೈವರ್. ಬೆಳಿಗ್ಗೆ ಸಿರುಗುಪ್ಪಕ್ಕೆ, ಸಂಜೆ ತೆಕ್ಕಲಕೋಟೆ, ಕುರುಗೋಡು ಹಾದು ವಾಪಸ್ಸು. ಬಸ್ಸು ಕೆಟ್ಟರೆ ಅಣ್ಣನ ಶೆಡ್ಡಿಗೇ ಬರುತ್ತಿತ್ತು. ಗಾದೆಪ್ಪನ ಜೊತೆ ಸರಿಸಮಕ್ಕೆ ದುಡಿಯುವವನು ಹಿಂದಿನ ಓಣಿಯ ಬಾನುಬೀಯ ಮಗ ಫಕೀರಸಾಬ. ಮಧ್ಯಾಹ್ನದ ರೊಟ್ಟಿ ಅವನಿಗೆ ಈ ಮನೆಯದೇ. ತಾಟು ಮಾತ್ರ ಶೆಡ್ಡಿನ ಗೂಡಿನಲ್ಲಿ ಬೇರೆ ಇರುತ್ತಿತ್ತು.

ಆ ವರ್ಷದ ಮಣ್ಣೆತ್ತಿನ ಅಮಾವಾಸ್ಯೆಗೆ ಬಸ್ಸು ಓಡಲಿಲ್ಲ. ಗಾದೆಪ್ಪನೂ ಫಕೀರಸಾಬನೂ ಅದರ ಸ್ಟೇರಿಂಗಿನ ಕೀಲುಗಳನ್ನೆಲ್ಲ ಬಿಚ್ಚಿ, ತೊಳೆದು, ಹೊಸ ಗ್ರೀಸು ತುಂಬಿ ಮತ್ತೆ ಜೋಡಿಸಿದರು. ಸಂಜೆ ಇಬ್ಬರೂ ಕೈ ತೊಳೆಯಲು ಹೋದದ್ದೇ ತಡ, ದೊಡ್ಡಬಸಮ್ಮ ಸೆರಗಿನ ಗಂಟಿನಿಂದ ಕರಿದಾರದ ತಾಯಿತ ತೆಗೆದಳು. ಗುಡ್ಡದ ಬುಡದ ದರ್ಗಾದಿಂದ ಯಾರಿಗೂ ಹೇಳದೆ ತಂದದ್ದು. ಹಿಂದೊಮ್ಮೆ ಬಸ್ಸಿನ ಮೂತಿಗೆ ಕಟ್ಟಿದ್ದನ್ನು ಗಾದೆಪ್ಪ, ಯಾರು ಕಟ್ಟಿದ್ದೆಂದು ತಿಳಿಯದೆ, ಕಿತ್ತು ಬಿಸಾಡಿದ್ದ, ಅದಕ್ಕೇ ಈ ಸಲ ಕಣ್ಣಿಗೆ ಬೀಳದ ಜಾಗ ಹುಡುಕಿದಳು. ಮುಂದಿನ ಗಾಲಿಯ ಹಿಂದೆ ಒಂದು ಕಬ್ಬಿಣದ ತುದಿಯಲ್ಲಿ ಹೇಳಿ ಮಾಡಿಸಿದಂಥ ತೂತಿತ್ತು. ಅದರಲ್ಲಿ ಯಾವುದೋ ಬಾಗಿದ ತಂತಿ ಸಿಕ್ಕಿಕೊಂಡಿತ್ತು. ಒಲೆಯ ಇಕ್ಕಳ ತಂದು ಅದನ್ನು ನೆಟ್ಟಗೆ ಮಾಡಿ ಎಳೆದು, ದಾರ ಪೋಣಿಸಿ ಬಿಗಿಯಾಗಿ ಕಟ್ಟಿದಳು. ತಂತಿ ಗಟ್ಟಿಯಾಗಿತ್ತು, ಒಂದು ಕಾಲು ಗಿಡ್ಡ, ಒಂದು ಉದ್ದ. ಸುಣ್ಣ ತೆಗೆಯಲು ಚೆನ್ನಾಯಿತು ಎಂದುಕೊಂಡು ಸಂಚಿಗೆ ಹಾಕಿಕೊಂಡಳು.

ಮೂರನೆಯ ದಿನ ಸಂಜೆ ಕುರುಗೋಡಿನ ತಿರುವಿನಲ್ಲಿ ಬಸ್ಸು ರಸ್ತೆ ಬಿಟ್ಟು ಹುಣಸೆ ಮರಕ್ಕೆ ಗುದ್ದಿತು.

ಜೀವಕ್ಕೇನೂ ಆಗಲಿಲ್ಲ. ದೇಶನೂರಿನ ಒಬ್ಬ ಹೆಂಗಸಿಗೆ ಕಾಲು ಮುರಿಯಿತು, ನಾಲ್ಕೈದು ಜನರ ಹಣೆ ಒಡೆಯಿತು. ಸುಂಕಪ್ಪ ಬಲಗೈ ಮುರಿದುಕೊಂಡು, ಬಿದಿರ ದಬ್ಬೆ ಕಟ್ಟಿಸಿಕೊಂಡು ಮನೆಗೆ ಬಂದ. ದೊಡ್ಡಬಸಮ್ಮ ಗೋಳೋ ಎಂದು ಅತ್ತಳು. ಅಳುತ್ತಲೇ ಮಗನ ಮುಖವನ್ನು ಹತ್ತಿರ ಎಳೆದುಕೊಂಡು ಬಾಯಿ ಮೂಸಿದಳು.

"ಯವ್ವಾ, ನಾ ಕುಡದಿಲ್ಲ!"

"ಸಾವುಕಾರ ಹಂಗಂತ ಊರೆಲ್ಲ ಸಾರ್ಯಾನ."

"ಸ್ಟೇರಿಂಗ್ ಒಮ್ಮಿಗೇ ಹಗುರಾತು. ಬಲಕ್ಕ ತಿರುವೀನಿ, ಎಡಕ್ಕ ತಿರುವೀನಿ, ಬರೇ ನನ್ನ ಕೈಯಾಗ ತಿರಗತೈತಿ, ಗಾಲಿ ಕೇಳಾಂಗಿಲ್ಲ." ಸುಂಕಪ್ಪ ಅಣ್ಣನ ಕಡೆ ನೋಡಿದ. "ಕೀಲು ಕೂಡಿಸಿದವರನ್ನ ಕೇಳು."

ರೊಟ್ಟಿ ಮುರಿಯುತ್ತಿದ್ದ ಗಾದೆಪ್ಪನ ಕೈ ಅಲ್ಲೇ ನಿಂತಿತು. "ಏನಂದಿ?"

"ನಾ ಏನೂ ಅನ್ನಲಿಲ್ಲ. ಕೀಲು ಅಂತೈತಿ."

"ಲೇ, ನನ್ನ ಕೈಯಾಗ ಬಿಚ್ಚಿದ ಗಾಡಿ ಇವತ್ತಿನವರೆಗೂ ಒಂದೂ ತಿರುಗಿ ಬಂದಿಲ್ಲ!"

ಗಾದೆಪ್ಪ ತಾಟು ಸರಿಸಿ ಎದ್ದುಹೋದ. ಅಂದಿನಿಂದ ಅಣ್ಣ ತಮ್ಮಂದಿರು ಒಂದೇ ಪಂಕ್ತಿಯಲ್ಲಿ ಕೂರಲಿಲ್ಲ. ಒಬ್ಬ ಉಂಡು ಕೈ ತೊಳೆದ ಮೇಲೆ ಇನ್ನೊಬ್ಬ ಬರುತ್ತಿದ್ದ. ಎರಡು ಸಲ ಬಡಿಸುವ ಕೆಲಸ ವಿರೂಪಮ್ಮನ ಪಾಲಿಗೆ ಬಂತು. "ನಾಳಿಂದ ಎರಡು ಒಲಿ ಹೂಡ್ರಿ, ಎರಡೂ ಊದತೀನಿ," ಎಂದು ಅವಳು ಪಾತ್ರೆ ಕುಕ್ಕಿದಳು. ಗಂಡ ಸತ್ತಾಗಲೂ ಒಡೆಯದ ಮನೆ ಈಗ ಒಡೆದರೆ? ದೊಡ್ಡಬಸಮ್ಮನಿಗೆ ಬೇರೆ ಯಾವ ಭಯವೂ ಇರಲಿಲ್ಲ, ಅದೊಂದೇ.

ಬಸ್ಸು ಗುದ್ದಿದ ನಾಲ್ಕನೆಯ ದಿನ ಗಾದೆಪ್ಪ ಕುರುಗೋಡಿಗೆ ಹೋಗಿ, ಮರಕ್ಕೆ ಒರಗಿದ್ದ ಬಸ್ಸಿನ ಅಡಿಗೆ ನುಗ್ಗಿ ನೋಡಿ ಬಂದ. ಪಡಸಾಲೆಯಲ್ಲಿ ಎಲ್ಲರ ಮುಂದೆ ಅಂಗೈ ಬಿಚ್ಚಿದ. ಗ್ರೀಸು ಮೆತ್ತಿದ ಗೇಣುದ್ದದ ಕರಿದಾರ ಇತ್ತು.

"ಕೀಲಿನ ಪಿನ್ನು ಮುರಿದಿಲ್ಲ. ಮುರಿದಿದ್ರ ತೂತಿನಾಗ ತುಣುಕು ಉಳೀತಿತ್ತು. ಯಾರೋ ತಗದಾರ. ತಗದು ಈ ದಾರ ಹಾಕ್ಯಾರ."

ದೊಡ್ಡಬಸಮ್ಮನ ಕಣ್ಣು ದಾರಕ್ಕೆ ಅಂಟಿಕೊಂಡಿತು. ತಾಯಿತ ಎಲ್ಲೋ ಉದುರಿತ್ತು, ದಾರ ಮಾತ್ರ ತನ್ನದೇ. ಹೇಳಿಬಿಡಲೇ ಎಂದು ಬಾಯಿ ತೆರೆದಳು. ಆದರೆ ಹೇಳಿದರೆ ದರ್ಗಾ, ತಾಯಿತ ಎಲ್ಲ ಹೊರಬೀಳುತ್ತದೆ, ಗಾದೆಪ್ಪ ಓಣಿಯೆಲ್ಲ ಕೇಳುವಂತೆ ಕೂಗಾಡುತ್ತಾನೆ. ದಾರದಿಂದ ಬಸ್ಸು ಬೀಳುತ್ತದೆಯೇ? ದಾರ ಕಾಪಾಡಿದ್ದರಿಂದಲೇ ಸುಂಕಪ್ಪ ಬದುಕಿದ. ತಾನು ತೆಗೆದದ್ದು ಬರೀ ಒಂದು ಬಾಗಿದ ತಂತಿ, ಪಿನ್ನು ಎಂದರೆ ಏನೋ, ಅದಂತೂ ತನಗೆ ಗೊತ್ತಿಲ್ಲ.

"ಪಿನ್ನು ಹಾಕಿದಾವ ನೀನೋ ಅಂವನೋ?" ಎಂದ ಸುಂಕಪ್ಪ.

"ಫಕೀರ ಹಾಕಿದ. ನಾ ನೋಡೀನಿ."

"ಕೊನೀಗೆ ಕೈ ಹಾಕಿದಾವ ಅಂವ. ಇದು ದರ್ಗಾದ ದಾರ. ಇನ್ನೇನು ಬೇಕು?"

ಗಾದೆಪ್ಪ ತಲೆ ಅಲ್ಲಾಡಿಸಿದ. "ಫಕೀರ ಅಂಥಾವಲ್ಲ."

ಅಣ್ಣ ತಮ್ಮ ಆ ಜಗಳದ ಮೇಲೆ ಮೊದಲ ಸಲ ಮುಖ ಕೊಟ್ಟು ಮಾತಾಡುತ್ತಿದ್ದರು. ಸಿಟ್ಟು ಇವರಿಬ್ಬರ ನಡುವಿನಿಂದ ಎದ್ದು ಇನ್ನೆಲ್ಲೋ ಹೋಗಿ ಕೂರುವಂತಿತ್ತು. ಹೋಗಲಿ, ಎಲ್ಲಿಗಾದರೂ ಹೋಗಲಿ ಅನ್ನಿಸಿತು ತಾಯಿಗೆ.

"ಅಂವನ ರಟ್ಟ್ಯಾಗೂ ಇಂಥಾದೇ ದಾರ ಐತಿ," ಎಂದಳು ಮೆಲ್ಲಗೆ. ಎಂದವಳು ಅಷ್ಟಕ್ಕೇ ನಿಲ್ಲಿಸಲಿಲ್ಲ. "ಅಂವನ ಅಕ್ಕನ್ನ ಹೊಳಿ ಆಚಿಗೆ ಕೊಟ್ಟಾರ. ಹೋದ ತಿಂಗಳು ಹೋಗಿ ಬಂದಾನ. ಯಾರ ಮನಸಿನಾಗ ಏನೈತೋ ಯಾರು ಕಂಡಾರ?"

ಅದು ಸಾವಿರದೊಂಬೈನೂರ ನಲವತ್ತೆಂಟರ ಆಷಾಢ. ತುಂಗಭದ್ರೆಯ ಆಚೆ ದಂಡೆ ನಿಜಾಮನ ಸೀಮೆ. ಆಚೆಯಿಂದ ಗಂಟು ಮೂಟೆ ಹೊತ್ತು ಬಂದವರು ಸಿರುಗುಪ್ಪದ ಸಂತೆಯಲ್ಲಿ ಹೇಳುತ್ತಿದ್ದ ಲೂಟಿ, ಬೆಂಕಿಯ ಕಥೆಗಳಿಗೆ ಬಳ್ಳಾರಿಯ ಚಾದಂಗಡಿಗಳಲ್ಲಿ ಕೈಕಾಲು ಮೂಡುತ್ತಿದ್ದವು. ಅಂಥ ದಿನಗಳಲ್ಲಿ 'ಹೊಳಿ ಆಚೆ' ಎಂಬ ಎರಡು ಮಾತು ಸಾಕಾಗಿತ್ತು. ಸುಂಕಪ್ಪ ಅದನ್ನು ಸಾವುಕಾರರಿಗೆ ಹೇಳಿದ. ಡ್ರೈವರನ ಕುಡಿತಕ್ಕಿಂತ ಇದು ಸಾವುಕಾರರಿಗೂ ಹಿಡಿಸಿತು. ವಾರ ತುಂಬುವ ಮೊದಲೇ ಪೊಲೀಸಿನವರು ಶೆಡ್ಡಿಗೆ ಬಂದು, ರೊಟ್ಟಿ ತಿನ್ನುತ್ತಿದ್ದ ಫಕೀರಸಾಬನನ್ನು ಎಬ್ಬಿಸಿದರು.

"ಗಾದೆಪ್ಪಾ, ನೀನಾರ ಹೇಳೋ," ಎಂದ ಅವನು. "ದೊಡ್ಡವ್ವಾ, ನೀ ಹೇಳು. ನಿನ್ನ ಮುಂದ ಆಡಿ ಬೆಳದಾಂವ ನಾನು."

ಗಾದೆಪ್ಪ ಠಾಣೆಯವರೆಗೂ ಹಿಂದೆ ಹೋಗಿ, ಗದರಿಸಿಕೊಂಡು ವಾಪಸ್ಸು ಬಂದ. ದೊಡ್ಡಬಸಮ್ಮ ಬಾಗಿಲ ಮರೆಗೆ ಸರಿದಿದ್ದಳು. ಅರ್ಧ ಮುರಿದ ರೊಟ್ಟಿಯನ್ನು ವಿರೂಪಮ್ಮ ಓಣಿಯ ನಾಯಿಗೆ ಹಾಕಿ, ತಾಟು ತೊಳೆದು ಗೂಡಿನಲ್ಲಿ ಕವುಚಿಟ್ಟಳು.

ಮನೆಯಲ್ಲಿ ಮತ್ತೆ ಒಂದೇ ಪಂಕ್ತಿ ಆಯಿತು. ದೊಡ್ಡಬಸಮ್ಮ ಇಬ್ಬರು ಮಕ್ಕಳಿಗೂ ಒಟ್ಟಿಗೆ ಬೆಣ್ಣೆ ಹಾಕಿದಳು. ಸುಂಕಪ್ಪ ಎಡಗೈಯಲ್ಲಿ ಉಂಡ, ನಕ್ಕ. ಗಾದೆಪ್ಪ ಮಾತ್ರ ಉಣ್ಣುವಾಗಲೂ ಹುಬ್ಬು ಗಂಟಿಕ್ಕಿಕೊಂಡೇ ಇರುತ್ತಿದ್ದ.

ಎರಡು ವಾರದ ಮೇಲೆ ಬಸ್ಸನ್ನು ಎತ್ತುಗಳಿಗೆ ಕಟ್ಟಿ ಎಳೆಸಿಕೊಂಡು ಶೆಡ್ಡಿಗೆ ತಂದರು. ಗಾದೆಪ್ಪ ಒಬ್ಬನೇ ಅದರಡಿಗೆ ಮಲಗಿ ಬಾಗಿದ ರಾಡು ಬಿಚ್ಚಿದ, ಕುಲುಮೆಯಲ್ಲಿ ಕಾಯಿಸಿ ನೆಟ್ಟಗೆ ಮಾಡಿಸಿದ, ಕೀಲಿನ ಸವೆದ ಗುಂಡುಗಳನ್ನು ಬದಲಿಸಿದ. ಆ ಕಡೆಯಿಂದ ಹಿಡಿಯುವವರಿಲ್ಲದೆ ಕೆಲಸ ಆಮೆಯಂತೆ ಸಾಗಿತು. ಒಂದು ಮಧ್ಯಾಹ್ನ ಊಟಕ್ಕೆ ಕೂತವನನ್ನು ದೊಡ್ಡಬಸಮ್ಮ ಕೇಳಿದಳು. "ಅಷ್ಟು ದೊಡ್ಡ ಬಸ್ಸು, ಒಂದು ಪಿನ್ನು ಹೋದ್ರ ಬೀಳತೈತೇನೋ? ಅದೆಂಥಾ ಪಿನ್ನು?"

ಗಾದೆಪ್ಪನಿಗೆ ಯಾರಾದರೂ ಕೆಲಸದ ಮಾತು ಕೇಳಿದರೆ ಸಾಕು. ಒಲೆಯ ಬಳಿಯಿದ್ದ ಊದುಗೊಳವೆಯನ್ನು ನೆಲದ ಮೇಲೆ ಅಡ್ಡ ಇಟ್ಟ.

"ಇದು ಉದ್ದನ ರಾಡು ಅಂತ ತಿಳಕೋ. ಆಕಡಿ ತುದಿ ಸ್ಟೇರಿಂಗಿಂದ ಇಳಿಬಿದ್ದ ತೋಳಿಗೆ, ಈಕಡಿ ತುದಿ ಗಾಲಿ ತೋಳಿಗೆ. ಒಂದು ಗಾಲಿ ತಿರಗಿದ್ರ ಇನ್ನೊಂದು ತಿರಗಾಕ ನಡುವ ಅಡ್ಡ ರಾಡು ಬ್ಯಾರೆ ಐತಿ. ಡ್ರೈವರ್ ತಿರುವ್ತಾನ, ತೋಳು ರಾಡನ್ನ ನೂಕತೈತಿ, ರಾಡು ಗಾಲಿನ್ನ ನೂಕತೈತಿ."

ಹೆಂಡತಿಯ ಪರಾತದಿಂದ ಹಿಟ್ಟಿನ ಉಂಡೆಯೊಂದನ್ನು ಕಿತ್ತು ಬಟ್ಟಲಿಗೆ ಹಾಕಿ ಆಡಿಸಿದ. "ರಸ್ತ್ಯಾಗ ಗಾಲಿ ಮ್ಯಾಲ ಕೆಳಗ ಕುಣೀತಾವು. ಅದಕ್ಕ ತುದಿಗೆ ಹಿಂಗ ಬಟ್ಟಲದಾಗ ಗುಂಡು ಇರತೈತಿ, ಎತ್ತ ಬೇಕಂದ್ರ ಅತ್ತ ಹೊಳ್ಳತೈತಿ. ಗುಂಡಿಗೆ ಒಂದು ಬಾಲ. ಬಾಲ ಗಾಲಿ ತೋಳಿನ ತೂತಿನಾಗ ಇಳೀತೈತಿ, ಕೆಳಗ ನಟ್ಟು. ನಮ್ಮ ಬಳ್ಳಾರಿ ಕೋಟಿ ಮ್ಯಾಲ ತೆನಿ ಅದಾವಲ್ಲ, ಹಂಗ ಹಲ್ಲು ಹಲ್ಲು ಇರೋ ನಟ್ಟು."

"ನಟ್ಟು ಬಿಗದ್ರ ಆತಲ್ಲ?"

"ಆಗಾಂಗಿಲ್ಲ. ಕುಲುಕಾಟಕ್ಕ ಎಂಥಾ ನಟ್ಟೂ ಒಂದೊಂದೇ ಎಳಿ ಸಡಲತೈತಿ. ಮೂರು ದಿನ, ನಾಲ್ಕು ದಿನ. ಉದುರಿತಂದ್ರ ಬಾಲ ಮ್ಯಾಕ ಹಾರತೈತಿ, ರಾಡು ಜೋತು ಬೀಳತೈತಿ. ಸುಂಕ ಹೇಳಿದ್ದು ಖರೇನ. ಅಂವ ತಿರುವಿದ್ದು ಬರೇ ಗಾಳಿ." ಅಂಗಿಯ ಜೇಬಿನಿಂದ ಏನೋ ತೆಗೆದು ತಾಟಿನ ಅಂಚಿಗೆ ಇಟ್ಟ. "ನಟ್ಟು ತಿರಗದಂಗ ಹಲ್ಲಿನ ಸಂದ್ಯಾಗ, ಬಾಲದ ತೂತಿನಾಗ ಇದನ್ನ ತೂರಿಸಿ ಕಾಲು ಬಗ್ಗಿಸ್ತೀವಿ. ಇದು ಹೊಸಾದು. ಅವತ್ತು ಅಂಗಡ್ಯಾಗ ಸಿಗಲಿಲ್ಲ ಅಂತ ಹಳೇದನ್ನೇ ಕಾಯಿಸಿ ಮೆತ್ತಗ ಮಾಡಿ, ಅರದಿಂದ ಒಂದು ಕಾಲು ಗಿಡ್ಡ ಮಾಡಿ ಫಕೀರನ ಕೈಗೆ ಕೊಟ್ಟಿದ್ದೆ."

ಮಡಚಿದ ತಂತಿ. ತಲೆ ಗುಂಡಗೆ, ಎರಡು ಕಾಲು.

ದೊಡ್ಡಬಸಮ್ಮನ ಮೊಣಕಾಲ ಬಳಿ ಸಂಚಿ ಬಿಚ್ಚಿಕೊಂಡಿತ್ತು. ಸುಣ್ಣದ ಡಬ್ಬಿಯಲ್ಲಿ ಅದೇ ಗುಂಡು ತಲೆ, ಅದೇ ಕಾಲು, ಒಂದು ಗಿಡ್ಡ, ಒಂದು ಉದ್ದ, ಬೆಳ್ಳಗೆ ಸುಣ್ಣ ಮೆತ್ತಿಕೊಂಡು ನಿಂತಿತ್ತು. ಅವಳು ಸೆರಗು ಎಳೆದು ಅದರ ಮೇಲೆ ಹಾಕಿದಳು. ಬಾಯಲ್ಲಿದ್ದ ಎಲೆ ನುಂಗಲೂ ಆಗದೆ ಉಗುಳಲೂ ಆಗದೆ ಹಾಗೇ ಕೂತಳು.

"ಯಾಕವ್ವಾ, ತಿಳೀಲಿಲ್ಲೇನು?"

"ತಿಳೀತಪ್ಪ," ಎಂದಳು.

ಅಂದಿನಿಂದ ಅವಳ ಅನುಮಾನಗಳೆಲ್ಲ ದಿಕ್ಕು ಬದಲಿಸಿದವು. ಹಾಲು ನೀರಾಗಿದ್ದರೂ ಉಗುರಿಗೆ ಹಚ್ಚಲಿಲ್ಲ. ಸೊಸೆ ಯಾಕೆ ತನ್ನ ಕೈ ನೋಡುತ್ತಾಳೆ? ಗಾದೆಪ್ಪ ಯಾಕೆ ಎರಡು ಸಲ ಪಿನ್ನಿನ ಮಾತೆತ್ತಿದ? ಸಂಚಿಯಿಂದ ಕಡ್ಡಿ ತೆಗೆದು ಜೋಳದ ಗಡಿಗೆಯ ತಳಕ್ಕೆ ತೂರಿಸಿದಳು. ಹೇಳಬೇಕು ಎಂದು ಬೆಳಿಗ್ಗೆ ಎದ್ದಾಗ ಅನ್ನಿಸುತ್ತಿತ್ತು. ಮಧ್ಯಾಹ್ನ ಇಬ್ಬರು ಮಕ್ಕಳು ಅಕ್ಕಪಕ್ಕ ಕೂತು ಉಣ್ಣುವುದನ್ನು ಕಂಡರೆ ಇನ್ನೊಂದು ರೊಟ್ಟಿ ಬಡಿಸಿ ಒಳಗೆ ಹೋಗುತ್ತಿದ್ದಳು.

"ಅತ್ತೀ, ಸುಣ್ಣಕ್ಕ ಬೆರಳು ಹಾಕಾಕ ಹತ್ತೀರಲ್ಲ. ಕಡ್ಡಿ ಎಲ್ಲೋತು?" ಎಂದು ವಿರೂಪಮ್ಮ ಒಂದು ದಿನ ಸಹಜವಾಗಿಯೇ ಕೇಳಿದಳು.

"ನನ್ನ ಸಂಚ್ಯಾಗ ಏನೈತಿ ಏನಿಲ್ಲ ಅಂತ ಲೆಕ್ಕ ಇಡಾಕ ಬಂದೀಯೇನು ನೀನು?"

ಇಷ್ಟು ಸಣ್ಣ ಮಾತಿಗೆ ಇಷ್ಟು ಸಿಟ್ಟು ಯಾಕೆಂದು ವಿರೂಪಮ್ಮ ಕಣ್ಣು ಸಣ್ಣದು ಮಾಡಿ ನೋಡಿದಳು. ಆ ಮನೆಗೆ ಬಂದು ಹತ್ತು ವರ್ಷವಾಗಿತ್ತು. ಅನುಮಾನ ಪಡುವುದನ್ನು ಅವಳೂ ಅತ್ತೆಯಿಂದಲೇ ಕಲಿತಿದ್ದಳು.

ಗಡಿಗೆಯ ಜೋಳ ತಳ ಮುಟ್ಟುವುದಕ್ಕೆ ಇನ್ನೂ ಐದು ದಿನ ಬೇಕಾಯಿತು. ಅಂದು ವಿರೂಪಮ್ಮ ಮೊರದಲ್ಲಿ ಜೋಳ ಕೇರುತ್ತ ಕೇರುತ್ತ ನಿಲ್ಲಿಸಿದಳು. ಮೊರವನ್ನು ತಂದು ಅತ್ತೆಯ ಮುಂದಿಟ್ಟಳು. ಜೋಳದ ನಡುವೆ ಬೆಳ್ಳನೆಯ ಕಡ್ಡಿ ಬಿದ್ದಿತ್ತು.

"ಇದರ ಜೋಡಿದು ಅವರ ಜೇಬಿನಾಗ ಐತಿ. ತಾಟಿನ ಅಂಚಿಗೆ ಇಟ್ಟಾಗ ನಾನೂ ಅಲ್ಲೇ ರೊಟ್ಟಿ ತಟ್ಟತಿದ್ದೆ," ಎಂದಳು ವಿರೂಪಮ್ಮ. "ನೀವು ಹೇಳ್ತೀರೋ, ನಾ ಹೇಳ್ಲೋ?"

ದೊಡ್ಡಬಸಮ್ಮ ಉತ್ತರ ಕೊಡುವ ಮೊದಲೇ ಹೊಸ್ತಿಲಲ್ಲಿ ನೆರಳಾಡಿತು. ಬಾನುಬೀ ನಿಂತಿದ್ದಳು. ಒಂದು ತಿಂಗಳಲ್ಲಿ ಇಪ್ಪತ್ತು ವರ್ಷ ಹೆಚ್ಚಾದವಳಂತೆ ಇಳಿದುಹೋಗಿದ್ದಳು.

"ಬಸಮ್ಮಕ್ಕಾ, ನಾಳಿ ನನ್ನ ಮಗನ್ನ ದೊಡ್ಡ ಜೈಲಿಗೆ ಕಳಸ್ತಾರಂತ. ಹೊಳಿ ಆಚೆ ಸೇರಿ ಸಂಚು ಮಾಡ್ಯಾನ ಅಂತ ಬರದಾರಂತ. ಅಂವ ಹೋಗಿದ್ದು ಅಕ್ಕನ ಬಾಣಂತನಕ್ಕ ತುಪ್ಪ ಕೊಡಾಕ. ನೀ ಒಂದು ಮಾತು ಸಾವುಕಾರಗ ಹೇಳಕ್ಕಾ. ನಿನ್ನ ಕಾಲಿಗೆ ಬೀಳತೀನಿ."

ಬಗ್ಗಲು ಹೋದವಳನ್ನು ದೊಡ್ಡಬಸಮ್ಮ ರಟ್ಟೆ ಹಿಡಿದು ನಿಲ್ಲಿಸಿದಳು. ಅವಳಿಗೆ ತನ್ನ ಮೇಲೆ ಎಂಥ ಹೇಸಿಗೆಯಾಯಿತೆಂದರೆ, ಆ ಹೆಂಗಸಿನ ಮುಖ ನೋಡಲಾಗಲಿಲ್ಲ. ಮೊರದಿಂದ ಕಡ್ಡಿ ಎತ್ತಿಕೊಂಡಳು.

"ನಡಿ ಬಾನು," ಎಂದಳು.

ಶೆಡ್ಡಿನಲ್ಲಿ ಗಾದೆಪ್ಪ ಬಸ್ಸಿನಡಿ ಮಲಗಿದ್ದ. ಹೆಜ್ಜೆಯ ಸಪ್ಪಳ ಕೇಳಿ ತಮ್ಮನೆಂದುಕೊಂಡು, "ಸುಂಕಾ, ನಟ್ಟು ಬಿಗಿಯೋ ಆ ಸಣ್ಣ ಪಾನಾ ಕೊಡು," ಎಂದು ಕೈ ಹೊರಚಾಚಿದ. ದೊಡ್ಡಬಸಮ್ಮ ಆ ಎಣ್ಣೆ ಮೆತ್ತಿದ ಅಂಗೈಯಲ್ಲಿ ಕಡ್ಡಿಯನ್ನು ಇಟ್ಟಳು. ಬೆರಳುಗಳು ಅದನ್ನು ಮುಚ್ಚಿದವು, ಗಿಡ್ಡ ಕಾಲನ್ನು ತಡವಿದವು, ಉದ್ದ ಕಾಲನ್ನು ತಡವಿದವು. ಗಾದೆಪ್ಪ ತೆವಳಿಕೊಂಡು ಹೊರಬಂದ.

"ಎಲ್ಲಿತ್ತಿದು?"

"ನನ್ನ ಸುಣ್ಣದ ಡಬ್ಬ್ಯಾಗ. ನಾನೇ ತಗದೆ. ತಾಯಿತ ಕಟ್ಟಾಕ ತೂತು ಬೇಕಾಗಿತ್ತು."

"ದಾರ?"

"ಅದೂ ನಂದೇ."

ಮೂಲೆಯಲ್ಲಿ ಕೂತಿದ್ದ ಸುಂಕಪ್ಪ "ಯವ್ವಾ!" ಎಂದು ಎದ್ದು ನಿಂತ. ಬಾನುಬೀ ಕಂಬಕ್ಕೆ ಬೆನ್ನು ಕೊಟ್ಟು ಕೂತಳು. ಗಾದೆಪ್ಪ ಪಾನಾ ಎತ್ತಿ ಗೋಡೆಗೆ ಬೀಸಿ ಒಗೆದ. ಅಂಗಿ ಹಾಕಿಕೊಂಡು, ತಾಯಿಗೆ "ನಡಿ," ಎಂದಷ್ಟೇ ಹೇಳಿ ಠಾಣೆಯ ದಾರಿ ಹಿಡಿದ.

ಠಾಣೆಯ ದಫೇದಾರ ಮುದುಕಿಯನ್ನು ಮೇಲಿಂದ ಕೆಳಗೆ ನೋಡಿದ. ಕಡ್ಡಿ ನೋಡಿ ನಕ್ಕ. "ಮಗನ ಶೆಡ್ಡಿನ ಹೆಸರು ಉಳಸಾಕ ಸುಳ್ಳು ಹೇಳಾಕ ಬಂದೀಯೇನಬೇ? ಮುದುಕಿ ಕೈಲೆ ಇದು ಕೀಳಾಕ ಆಗತೈತೇನು? ಯಾರು ಕಲಿಸಿಕೊಟ್ರು ನಿನಗ?"

ಜನ್ಮವಿಡೀ ಊರವರನ್ನೆಲ್ಲ ಅನುಮಾನಿಸಿದವಳು ಇಂದು ತನ್ನ ನಿಜವನ್ನು ನಂಬಿಸಲು ಹೆಣಗಬೇಕಾಯಿತು. ಕೊನೆಗೆ ದಫೇದಾರನೂ ಸಾವುಕಾರರೂ ಶೆಡ್ಡಿಗೆ ಬಂದರು. ಗಾದೆಪ್ಪ ಅದೇ ಹಳೆಯ ಪಿನ್ನನ್ನು ಅದೇ ತೂತಿಗೆ ಹಾಕಿ ಕಾಲು ಬಗ್ಗಿಸಿದ. ದೊಡ್ಡಬಸಮ್ಮ ಸೆರಗು ಬಿಗಿದು, ಒಲೆಯ ಇಕ್ಕಳ ಹಿಡಿದು ಗಾಲಿಯ ಹಿಂದೆ ಕುಕ್ಕರುಗಾಲಲ್ಲಿ ಕೂತಳು. ಓಣಿಯ ಜನವೆಲ್ಲ ಅಂಗಳದಲ್ಲಿ ನೆರೆದಿತ್ತು. ಇಕ್ಕಳ ಎರಡು ಸಲ ಜಾರಿತು. ಮೂರನೆಯ ಸಲ ಪಿನ್ನು ಎಳೆದು, ದಫೇದಾರನ ಬೂಟಿನ ಮುಂದೆ ಹಾಕಿದಳು.

ಮಾರನೆಯ ದಿನ ಫಕೀರಸಾಬನನ್ನು ಬಿಟ್ಟರು. ಎಡಗಣ್ಣು ಬಾತಿತ್ತು. ದೊಡ್ಡಬಸಮ್ಮ ಬಿಸಿ ರೊಟ್ಟಿ, ಎಣ್ಣೆಗಾಯಿ ಕಟ್ಟಿಕೊಂಡು ಹಿಂದಿನ ಓಣಿಗೆ ಹೋದಳು. ಅವನು ಕಟ್ಟೆಯ ಮೇಲೆ ಕೂತಿದ್ದ.

"ಫಕೀರಾ, ಅದು ಪಿನ್ನು ಅಂತ ಗೊತ್ತಿರಲಿಲ್ಲಪ್ಪ. ದೇವರಾಣಿ."

"ಗೊತ್ತಿರಲಿಲ್ಲ ಬಿಡು ದೊಡ್ಡವ್ವಾ," ಎಂದ ಅವನು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ದಾರ ನಿಂದು ಅಂತ ಗೊತ್ತಿತ್ತಲ್ಲ?"

ದೊಡ್ಡಬಸಮ್ಮ ಗಂಟನ್ನು ಕಟ್ಟೆಯ ಮೇಲಿಟ್ಟು ಬಂದಳು. ಸಂಜೆ ಬಾನುಬೀ ಅದನ್ನು ಬಿಚ್ಚದೆ ತಂದು ಹೊಸ್ತಿಲ ಹೊರಗಿಟ್ಟು ಹೋದಳು.

ಎಂಟು ದಿನದ ಮೇಲೆ ಫಕೀರಸಾಬ ಕೆಲಸಕ್ಕೆ ಬಂದ. ಗಾದೆಪ್ಪ ಮೂರು ಸಲ ಹೋಗಿ ಕರೆದಿದ್ದ, ಸುಂಕಪ್ಪ ಹೋಗಿ ಕಾಲು ಹಿಡಿದಿದ್ದ. ಬಂದವನ ಹೆಗಲಲ್ಲಿ ರೊಟ್ಟಿಯ ಬುತ್ತಿ ಇತ್ತು. ಮಧ್ಯಾಹ್ನ ಶೆಡ್ಡಿನ ಹೊರಗೆ ಬೇವಿನ ಮರದಡಿ ಕೂತು ಉಂಡ. ದೊಡ್ಡಬಸಮ್ಮ ಆ ಬೇರೆ ತಾಟನ್ನು ತೆಗೆದುಹಾಕಿ, ಮನೆಯ ಕಂಚಿನ ತಾಟಿನಲ್ಲೇ ರೊಟ್ಟಿ, ಪಲ್ಯ ಬಡಿಸಿ ದಿನವೂ ಕಳಿಸಿದಳು. ದಿನವೂ ತಾಟು ಹಾಗೇ ವಾಪಸ್ಸು ಬಂತು.

ಬಸ್ಸು ಮತ್ತೆ ರಸ್ತೆಗೆ ಇಳಿಯುವ ದಿನ ಇಬ್ಬರೂ ಕೊನೆಯ ಕೀಲು ಕೂಡಿಸುತ್ತಿದ್ದರು. ಗಾದೆಪ್ಪ ಮೇಲಿನಿಂದ ಕೂಗಿದ.

"ಪಿನ್ನು ಹಾಕಿದೇನೋ?"

"ಹಾಕೀನಿ. ನೀ ಬಂದು ನೋಡು." ಫಕೀರಸಾಬ ಬಸ್ಸಿನಡಿಯಿಂದಲೇ ಹೇಳಿದ. "ದೊಡ್ಡವ್ವನ್ನೂ ಕರಿ. ನೋಡ್ಲಿ."

ಬಾಗಿಲಲ್ಲಿ ನಿಂತಿದ್ದ ದೊಡ್ಡಬಸಮ್ಮ ಮೆಟ್ಟಿಲಿಳಿದು ಬಂದು, ಗಾಲಿಯ ಹಿಂದೆ ಮೊಣಕಾಲೂರಿ ಬಗ್ಗಿ ನೋಡಿದಳು. ಹೊಸ ಪಿನ್ನು ನಟ್ಟಿನ ಹಲ್ಲುಗಳ ನಡುವೆ ಹೊಳೆಯುತ್ತಿತ್ತು. ಎರಡೂ ಕಾಲು ಸಮನಾಗಿ ಬಾಗಿದ್ದವು.

"ಐತಪ್ಪ," ಎಂದಳು.

"ಮುಟ್ಟಿ ನೋಡು ದೊಡ್ಡವ್ವಾ. ನಾಳಿ ಇಲ್ಲ ಅಂದ್ರ?"

ಅವಳು ಕೈ ಚಾಚಿ ಮುಟ್ಟಿದಳು. ಅಂದಿನಿಂದ ಆ ಶೆಡ್ಡಿನಲ್ಲಿ ಸ್ಟೇರಿಂಗ್ ಬಿಚ್ಚಿದ ಪ್ರತಿ ಗಾಡಿಗೂ ಫಕೀರಸಾಬ ಪಿನ್ನು ಹಾಕಿ ಅವಳನ್ನು ಕರೆಯುತ್ತಿದ್ದ. ಅವಳೂ ಮಾಡುತ್ತಿದ್ದ ಕೆಲಸ ಬಿಟ್ಟು ಬಂದು, ಬಗ್ಗಿ, ಮುಟ್ಟಿ, ಐತಿ ಎಂದು ಹೇಳಿ ಹೋಗುತ್ತಿದ್ದಳು.